ಅಪ್ಪನ ಕೈ ನಡುಕ: ವಂಶದಿಂದ ಬಂದದ್ದೋ, ತೋಟಕ್ಕೆ ಹೊಡೆದ ಔಷಧಿಯಿಂದಲೋ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಅಪ್ಪನಿಗೆ 62 ವರ್ಷ. ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಈಗ ನಡಿಗೆಯೂ ನಿಧಾನವಾಗಿದೆ. ಬೆಂಗಳೂರಿನಲ್ಲಿ ತೋರಿಸಿದಾಗ ಪಾರ್ಕಿನ್ಸನ್ ಅಂದರು. ಚಿಕ್ಕ ವಯಸ್ಸಿನಿಂದಲೂ ತೋಟಕ್ಕೆ ಔಷಧಿ ಹೊಡೆದವರು ಅವರೇ. ಈಗ ತಮ್ಮ ಹೊಡೆಯುತ್ತಾನೆ. ಅಪ್ಪನ ದೊಡ್ಡಪ್ಪನಿಗೂ ಕೊನೆಗಾಲದಲ್ಲಿ ಕೈ ನಡುಗುತ್ತಿತ್ತಂತೆ. ಹಾಗಾಗಿ ನೆಂಟರು ಇದು ವಂಶದ ಕಾಯಿಲೆ ಅನ್ನುತ್ತಿದ್ದಾರೆ. ತಂಗಿಗೆ ಬಂದಿದ್ದ ಒಂದು ಸಂಬಂಧ ಇದೇ ಮಾತಿನಿಂದ ತಪ್ಪಿಹೋಯಿತು. ನಿಜವಾಗಿ ಇದು ಜೀನಿನಿಂದ ಬಂದದ್ದೋ, ಔಷಧಿಯಿಂದಲೋ? ನಮಗೂ ಬರುತ್ತದಾ? ಜೀನ್ ಟೆಸ್ಟ್ ಮಾಡಿಸಬೇಕಾ? ನಸುಗುನ್ನಿ ಪುಡಿ ಕೊಡಿ ಅನ್ನುತ್ತಾರೆ, ಕೊಡಬಹುದಾ?

ಉತ್ತರ:

ಮೊದಲು ನಿಮ್ಮ ತಂಗಿಯ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಬೇಸರ ತಂದದ್ದು ಅದೇ. 60 ದಾಟಿದ ಮೇಲೆ ತಂದೆಗೆ ಬಂದ ಪಾರ್ಕಿನ್ಸನ್ ಮಗಳ ಮದುವೆಗೆ ಅಡ್ಡಿಯಾಗಬೇಕಾದ ವಿಷಯವೇ ಅಲ್ಲ. 60 ದಾಟಿದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಆ ಸಾಧ್ಯತೆ ಎರಡರಿಂದ ಮೂರು ಪಟ್ಟು ಆಗುತ್ತದೆ. ಕೇಳಲು ದೊಡ್ಡದಾಗಿದೆ. ಲೆಕ್ಕ ಹಾಕಿದರೆ ನೂರರಲ್ಲಿ ಎರಡೋ ಮೂರೋ, ಅದೂ ವಯಸ್ಸಾದ ಮೇಲೆ. ಉಳಿದ 97 ಜನರಲ್ಲಿ ಈ ಕಾಯಿಲೆ ಕಾಣುವುದಿಲ್ಲ. ಮುಂದೆ ಯಾರಾದರೂ ಕೇಳಿದರೆ ಈ ಲೆಕ್ಕವನ್ನೇ ಅವರಿಗೆ ಹೇಳಿ. ಮುಚ್ಚಿಡಬೇಡಿ, ತಲೆ ತಗ್ಗಿಸಲೂ ಬೇಡಿ.

ಇನ್ನು ಅಪ್ಪನ ದೊಡ್ಡಪ್ಪ. ಕೈ ನಡುಗುವುದೆಲ್ಲ ಪಾರ್ಕಿನ್ಸನ್ ಅಲ್ಲ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗುವ ಬೇರೆ ಒಂದು ತೊಂದರೆ ಇದೆ. ಅದು ಪಾರ್ಕಿನ್ಸನ್‌ಗಿಂತ ತುಂಬಾ ಸಾಮಾನ್ಯ, ಮನೆತನದಲ್ಲಿ ಹರಿದು ಬರುವುದೂ ಜಾಸ್ತಿ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಒಂದು ಕಡೆಯಿಂದ ಶುರುವಾಗುತ್ತದೆ. ಕೈಯನ್ನು ತೊಡೆಯ ಮೇಲೆ ಸುಮ್ನೆ ಇಟ್ಟಾಗ ನಡುಗುತ್ತದೆ, ಕೆಲಸಕ್ಕೆ ಎತ್ತಿದರೆ ಕಡಿಮೆಯಾಗುತ್ತದೆ. ಜೊತೆಗೆ ಮೈ ಬಿಗಿಯುತ್ತದೆ, ಅಕ್ಷರ ಚಿಕ್ಕದಾಗುತ್ತದೆ, ಮುಖದ ಭಾವ ಕಡಿಮೆಯಾಗುತ್ತದೆ. ದೊಡ್ಡಪ್ಪನವರಿಗೆ ಲೋಟ ಹಿಡಿದಾಗ ನಡುಗುತ್ತಿತ್ತೋ, ಸುಮ್ನೆ ಕೂತಾಗಲೋ? ಮನೆಯ ಹಿರಿಯರಿಗೆ ನೆನಪಿರುತ್ತದೆ, ಕೇಳಿ. ಲೋಟ ಹಿಡಿದಾಗ ಎಂದರೆ 'ವಂಶದ ಕಾಯಿಲೆ' ಅನ್ನುವ ಮಾತಿನ ಬುಡವೇ ಅಲ್ಲಾಡುತ್ತದೆ.

ಈಗ ದೊಡ್ಡ ಪ್ರಶ್ನೆ. ಜೀನೋ, ಔಷಧಿಯೋ? ನನ್ನ ವೃತ್ತಿಜೀವನವೆಲ್ಲ ಕಳೆದದ್ದು ಇದರ ಜೊತೆಗೇ. ಹಾಸನದಿಂದ ಮೈಸೂರಿನ ಮಾನಸಗಂಗೋತ್ರಿಗೆ ಓದಲು ಹೋದಾಗ ನನ್ನ ಕೈಗೆ ಬಂದದ್ದು ಹಣ್ಣಿನ ನೊಣ. ಕಳಿತ ಬಾಳೆಹಣ್ಣಿಗೆ ಮುತ್ತುವ ಆ ಪುಟ್ಟ ನೊಣಗಳನ್ನು ರವೆ, ಬೆಲ್ಲ, ಅಗರ್ ಹಾಕಿ ಬೇಯಿಸಿದ ಆಹಾರದ ಮೇಲೆ ಬಾಟಲಿಯಲ್ಲಿ ಸಾಕುತ್ತಿದ್ದೆವು. ಮೈಯ ಚಲನೆ ಹದವಾಗಿರಲು ಮಿದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮಾಡುವ ನರಕೋಶಗಳು ನೊಣಕ್ಕೂ ಇವೆ. ಪಾರ್ಕಿನ್ಸನ್ ಬಂದ ಮನುಷ್ಯರಲ್ಲಿ ಸಾಯುವುದೂ ಅದೇ ಜಾತಿಯ ಕೋಶಗಳು. ನೊಣದ ಬಾಟಲಿಯನ್ನು ಮೆಲ್ಲಗೆ ತಟ್ಟಿದರೆ ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿದ್ದರೆ ಕೆಲವೇ ಸೆಕೆಂಡಿನಲ್ಲಿ ಗೋಡೆ ಹತ್ತಿ ಮೇಲೆ ಬರುತ್ತವೆ. ಆಹಾರದಲ್ಲಿ ರೋಟಿನೋನ್ ಎಂಬ ಕೀಟನಾಶಕವನ್ನು ಸ್ವಲ್ಪ ಬೆರೆಸಿ ಕೆಲವು ದಿನ ಬಿಟ್ಟು ತಟ್ಟಿದರೆ ಹಲವು ನೊಣಗಳು ತಳದಲ್ಲೇ ತಡವರಿಸುತ್ತವೆ. ಅರ್ಧಕ್ಕೆ ಹತ್ತಿ ಜಾರುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನೊಣ ಕಾಣಲಿಲ್ಲ. ನಮ್ಮೂರಿನ ಔಷಧಿ ಹೊಡೆಯುವವರು ಕಂಡರು. ಆ ದಿನದಿಂದ ಬೇರೆ ವಿಷಯದ ಕಡೆ ಮನಸ್ಸು ಹೋಗಲಿಲ್ಲ.

ರೋಟಿನೋನ್ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಡೆರಿಸ್ ಎಂಬ ಬಳ್ಳಿಯ ಬೇರಿನಲ್ಲಿ ಸಿಗುತ್ತದೆ. ಹಿಂದೆ ಮೀನಿಗೆ ಮತ್ತು ಬರಿಸಿ ಹಿಡಿಯಲು ಆ ಬೇರು ಜಜ್ಜಿ ನೀರಿಗೆ ಹಾಕುತ್ತಿದ್ದರು. ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಅನ್ನುವವರು ಇದನ್ನೊಂದು ನೆನಪಿಡಬೇಕು. 2000ದಲ್ಲಿ ಅಮೆರಿಕದ ಗ್ರೀನಮೈರ್ ಅವರ ತಂಡ ಇಲಿಗಳಿಗೆ ರೋಟಿನೋನ್ ಕೊಟ್ಟಾಗ ಅವುಗಳ ಮಿದುಳಿನಲ್ಲಿ ಪಾರ್ಕಿನ್ಸನ್‌ನಂಥದೇ ಹಾನಿ ಕಂಡಿತು.

ಅದಕ್ಕಿಂತ ಮೊದಲೇ ಒಂದು ದೊಡ್ಡ ಸುಳಿವು ಸಿಕ್ಕಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಳ್ಳದಾರಿಯಲ್ಲಿ ತಯಾರಾದ ಮಾದಕ ವಸ್ತು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಮರಗಟ್ಟಿದ ಹಾಗಾದರು. ನೋಡಿದರೆ ಥೇಟ್ ಮುಂದುವರಿದ ಪಾರ್ಕಿನ್ಸನ್. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರು ಹಿಂದೆ ಬಿದ್ದು ಹುಡುಕಿದಾಗ ಆ ಮಾಲಿನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸಿಕ್ಕಿತು. ಅದು ಮಿದುಳಿಗೆ ಹೋಗಿ ಎಂಪಿಪಿ ಪ್ಲಸ್ ಆಗುತ್ತದೆ, ಡೋಪಮಿನ್ ಕೋಶಗಳನ್ನೇ ಆರಿಸಿ ಕೊಲ್ಲುತ್ತದೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದ ಮೇಲೆ, ಒಂದು ರಾಸಾಯನಿಕವೇ ಇಂಥ ಸ್ಥಿತಿ ತರಬಲ್ಲದು ಎಂದು ಇಷ್ಟು ಸ್ಪಷ್ಟವಾಗಿ ಕಂಡದ್ದು ಆಗಲೇ. ಆ ಎಂಪಿಪಿ ಪ್ಲಸ್‌ನ ರಚನೆ ಪ್ಯಾರಾಕ್ವಾಟ್‌ನ ರಚನೆಗೆ ತುಂಬಾ ಹತ್ತಿರ. ಪ್ಯಾರಾಕ್ವಾಟ್ ಅಂದರೆ ನಿಮಗೆ ಗೊತ್ತಿರುವ ಕಳೆನಾಶಕವೇ. ಹೊಡೆದ ಮರುದಿನಕ್ಕೆ ಹುಲ್ಲು ಸುಟ್ಟ ಹಾಗೆ ಒಣಗುತ್ತದಲ್ಲ, ಅದು.

ಹಾಗಾದರೆ ಎಲ್ಲ ಔಷಧಿಯದೇ ತಪ್ಪಾ? 1999ರಲ್ಲಿ ಕ್ಯಾರೊಲಿನ್ ಟ್ಯಾನರ್ ಅವರ ತಂಡ ಅಮೆರಿಕದ ಮಾಜಿ ಸೈನಿಕರ ಪೈಕಿ ಅವಳಿ ಜವಳಿಗಳನ್ನು ನೋಡಿತು. ಸುಮಾರು 20 ಸಾವಿರ ಜನ. ಕಾಯಿಲೆ 50 ವರ್ಷದ ಒಳಗೆ ಬಂದಿದ್ದರೆ ಜೀನಿನ ಪಾತ್ರ ಜೋರಾಗಿ ಕಂಡಿತು. 50 ದಾಟಿದ ಮೇಲೆ ಬಂದಿದ್ದರೆ, ಜೀನುಗಳು ಪೂರ್ತಿ ಒಂದೇ ಆಗಿರುವ ಅವಳಿಗಳಿಗೂ ಅರ್ಧ ಮಾತ್ರ ಒಂದಾಗಿರುವ ಅವಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಿಮ್ಮ ತಂದೆಯವರದು ಎರಡನೇ ಗುಂಪು. ಒಂದೇ ಜೀನ್ ಕೆಟ್ಟು ಕಾಯಿಲೆ ಬರುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ. ಆ ಜೀನುಗಳಲ್ಲಿ ಮೊದಲನೆಯದು 1997ರಲ್ಲಿ ಸಿಕ್ಕಿತು, ಆಲ್ಫಾ ಸಿನ್ಯೂಕ್ಲಿನ್. ಮರುವರ್ಷ ಜಪಾನಿನವರು ಪಾರ್ಕಿನ್ ಎಂಬ ಜೀನ್ ಕಂಡುಹಿಡಿದರು.

ಈ ಪಾರ್ಕಿನ್ ಜೀನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಸವೆದು ಹಾಳಾಗುತ್ತಲೇ ಇರುತ್ತವೆ. ಹಾಳಾದವನ್ನು ಗುರುತಿಸಿ ತೆಗೆದುಹಾಕುವ ಕೆಲಸದಲ್ಲಿ ಪಾರ್ಕಿನ್ ಮತ್ತು ಪಿಂಕ್1 ಎಂಬ ಇನ್ನೊಂದು ಜೀನ್ ಜೊತೆಯಾಗಿ ದುಡಿಯುತ್ತವೆ. ಇವೆರಡೂ ಒಂದೇ ದಾರಿಯವು ಎಂದು 2006ರಲ್ಲಿ ತೋರಿಸಿದ್ದು ಹಣ್ಣಿನ ನೊಣಗಳೇ. ಪಿಂಕ್1 ಇಲ್ಲದೆ ರೆಕ್ಕೆ ಜೋತುಬಿದ್ದ ನೊಣಕ್ಕೆ ಪಾರ್ಕಿನ್ ಜಾಸ್ತಿ ಕೊಟ್ಟರೆ ಸುಧಾರಿಸಿತು. ರೋಟಿನೋನ್ ಮತ್ತು ಎಂಪಿಪಿ ಪ್ಲಸ್ ಕೆಡಿಸುವುದು ಯಾವುದನ್ನು? ಇದೇ ಮೈಟೊಕಾಂಡ್ರಿಯಾವನ್ನು. ಪ್ಯಾರಾಕ್ವಾಟ್ ಬೇರೆ ದಾರಿ ಹಿಡಿದು ಇದೇ ಕೋಶಗಳನ್ನು ಒಳಗಿಂದ ಸುಡುತ್ತದೆ. ಅಂದರೆ ಜೀನಿನ ದಾರಿ, ಔಷಧಿಯ ದಾರಿ ಎರಡೂ ಹೋಗಿ ಸೇರುವುದು ಒಂದೇ ಜಾಗಕ್ಕೆ. ಹಾಗಾಗಿ 'ಜೀನೋ ಔಷಧಿಯೋ' ಎಂದು ಎರಡರಲ್ಲಿ ಒಂದನ್ನು ಆರಿಸಲು ಹೊರಟರೆ ಉತ್ತರ ಸಿಗುವುದಿಲ್ಲ. ಒಂದು ಇನ್ನೊಂದನ್ನು ಎಷ್ಟು ಪಟ್ಟು ಮಾಡುತ್ತದೆ ಎಂದು ಕೇಳಬೇಕು.

ಗೊರೂರು ಅಣೆಕಟ್ಟನ್ನು ನೆನೆಸಿಕೊಳ್ಳಿ. ನಾಲೆಗೆ ನೀರು ಬಿಡುವ ತೂಬು ಒಂದು ಮಟ್ಟದಲ್ಲಿದೆ. ನೀರು ಅದಕ್ಕಿಂತ ಮೇಲಿರುವ ತನಕ ಕೆಳಗಿನ ಗದ್ದೆಯವರಿಗೆ ಏನೂ ಗೊತ್ತಾಗುವುದಿಲ್ಲ. ಡೋಪಮಿನ್ ಕೋಶಗಳೂ ಹಾಗೆ. ವಯಸ್ಸಾದ ಹಾಗೆ ಎಲ್ಲರಲ್ಲೂ ಇಳಿಯುತ್ತವೆ. ಕೆಲವರ ಜೀನು ಹುಟ್ಟಿನಿಂದಲೇ ಸ್ವಲ್ಪ ಕಡಿಮೆ ತುಂಬಿಸಿ ಕಳಿಸಿರುತ್ತದೆ. ಕೆಲವರಲ್ಲಿ ಔಷಧಿ ಬೇಗ ಬೇಗ ಖಾಲಿ ಮಾಡುತ್ತದೆ. ಅರ್ಧಕ್ಕರ್ಧ ಕೋಶಗಳು ಹೋದ ಮೇಲೇ ಕೈ ನಡುಗುವುದು. ನಿಮ್ಮ ತಂದೆಯವರ ಕಾಯಿಲೆ ಶುರುವಾದದ್ದು ಎರಡು ವರ್ಷದ ಹಿಂದೆ ಅಲ್ಲ, ಅದಕ್ಕೂ ಎಷ್ಟೋ ವರ್ಷ ಮೊದಲು. ಹೂಮಳೆ ಬಂದು ತೋಟವೆಲ್ಲ ಹೂವಾದಾಗ 'ಈಗೇನು ಕಾಫಿ ಹೂವಿಗೆ ವಾಸನೆಯೇ ಇಲ್ಲ' ಅನ್ನುತ್ತಿದ್ದರಾ ಎಂದು ಅಮ್ಮನನ್ನು ಕೇಳಿ ನೋಡಿ. ವಾಸನೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಇವು ನಡುಕಕ್ಕಿಂತ ಹತ್ತಾರು ವರ್ಷ ಮೊದಲೇ ಕಾಣಬಹುದು.

ಒಂದು ಇನ್ನೊಂದನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬ ಲೆಕ್ಕಕ್ಕೆ ಒಂದು ಉದಾಹರಣೆ. 2011ರಲ್ಲಿ ಟ್ಯಾನರ್ ಅವರ ತಂಡ ಅಮೆರಿಕದ ರೈತರಲ್ಲಿ, ಔಷಧಿ ಹೊಡೆಯುವವರಲ್ಲಿ ಅಧ್ಯಯನ ಮಾಡಿತು. ಪ್ಯಾರಾಕ್ವಾಟ್ ಅಥವಾ ರೋಟಿನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಮರುವರ್ಷ ಅದೇ ಜನರ ಜೀನ್ ನೋಡಿದರು. ಜಿಎಸ್‌ಟಿಟಿ1 ಎಂಬ ಜೀನ್ ದೇಹಕ್ಕೆ ವಿಷವಸ್ತುಗಳನ್ನು ನಿಭಾಯಿಸಲು ನೆರವಾಗುತ್ತದೆ. ಕೆಲವರಲ್ಲಿ ಅದು ಪೂರ್ತಿ ಇರುವುದೇ ಇಲ್ಲ. ಇಲ್ಲದಿರುವುದು ಕಾಯಿಲೆಯೇನೂ ಅಲ್ಲ, ನಮ್ಮ ನಡುವೆಯೂ ಅಂಥವರು ಎಷ್ಟೋ ಜನ ಆರೋಗ್ಯವಾಗಿದ್ದಾರೆ. ಆ ಜೀನ್ ಇದ್ದು ಪ್ಯಾರಾಕ್ವಾಟ್ ಬಳಸಿದವರಲ್ಲಿ ಅಪಾಯ ಸ್ವಲ್ಪವೇ ಏರಿತ್ತು, ಒಂದೂವರೆ ಪಟ್ಟು. ಜೀನ್ ಇಲ್ಲದೆ ಬಳಸಿದವರಲ್ಲಿ ಹನ್ನೊಂದು ಪಟ್ಟು. ಅದು ಚಿಕ್ಕ ಅಧ್ಯಯನ, ಆ ಹನ್ನೊಂದನ್ನು ಕಲ್ಲಿನಲ್ಲಿ ಕೆತ್ತಿಡಬೇಕಾಗಿಲ್ಲ. ಆದರೆ ಒಂದೇ ತೋಟ, ಒಂದೇ ಪಂಪು, ಒಂದೇ ಡಬ್ಬಿ, ಅಣ್ಣನಿಗೆ ಏನೂ ಆಗದೆ ತಮ್ಮನಿಗೆ ಕಾಯಿಲೆ ಬರುವುದು ಹೇಗೆ ಎಂಬುದಕ್ಕೆ ಇದು ದಾರಿ ತೋರಿಸುತ್ತದೆ. 'ನಮ್ಮಜ್ಜ ಬರಿಗೈಯಲ್ಲೇ ಕಲಸುತ್ತಿದ್ದರು, 90 ವರ್ಷ ಬದುಕಿದರು' ಅನ್ನುವವರಿಗೆ ನಾನು ಹೇಳುವುದೂ ಇದನ್ನೇ. ಅಜ್ಜನ ಜೀನೆಲ್ಲ ನಿಮಗೆ ಬಂದಿಲ್ಲ.

ಈ ಎರಡನ್ನೂ ಒಟ್ಟಿಗೆ ನೋಡಬೇಕಾದ ಪಾಠ ಮಲೆನಾಡಿಗೆ ಹೊಸದಲ್ಲ. 1970ರ ದಶಕದಲ್ಲಿ ಸಾಗರದ ಹಂದಿಗೋಡಿನಲ್ಲಿ ಕೀಲು ಮೂಳೆ ಸವೆದು ಜನ ನಡೆಯಲಾಗದೆ ಕೂತರು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಆ ಕಾಯಿಲೆಯವರು ಇದ್ದಾರೆ. ಮೊದಲು ಅನುಮಾನ ಬಿದ್ದದ್ದು ಗದ್ದೆಗೆ ಹೊಡೆದ ಔಷಧಿಯ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ. ಆಮೇಲೆ ಮನೆತನಗಳ ವಂಶಾವಳಿ ಬರೆದು ನೋಡಿದಾಗ ತಂದೆ ತಾಯಿಯಿಂದ ಮಕ್ಕಳಿಗೆ ಹರಿಯುವ ಜೀನಿನ ದೋಷ ಎಂದು ಗೊತ್ತಾಯಿತು. ಅಲ್ಲಿ ಔಷಧಿಯ ಮೇಲೆ ಹೊರೆ ಹಾಕಿ ಜೀನನ್ನು ಮರೆತರು. ನಿಮ್ಮ ಮನೆಯಲ್ಲಿ ನೆಂಟರು ಜೀನಿನ ಮೇಲೆ ಹೊರೆ ಹಾಕಿ ಔಷಧಿಯನ್ನು ಮರೆಯುತ್ತಿದ್ದಾರೆ. ನಿಮ್ಮ ತಂದೆಯವರ ಕೋಶಗಳಲ್ಲಿ ಇದರ ಪಾಲು ಇಷ್ಟು, ಅದರ ಪಾಲು ಅಷ್ಟು ಎಂದು ಭಾಗ ಮಾಡಿ ಹೇಳುವ ಟೆಸ್ಟ್ ಇಲ್ಲ. ಆದರೆ ವಯಸ್ಸು 60ರ ಆಸುಪಾಸು, ದಶಕಗಳ ಕಾಲ ಸ್ವಂತ ಕೈಯಿಂದ ಸಿಂಪಡಣೆ, ಹತ್ತಿರದ ರಕ್ತಸಂಬಂಧದಲ್ಲಿ ಖಚಿತವಾದ ಇನ್ನೊಬ್ಬ ರೋಗಿ ಇಲ್ಲ. ಇಷ್ಟನ್ನು ಇಟ್ಟುಕೊಂಡು ನನ್ನ ಬೊಟ್ಟು ಹೆಚ್ಚು ಹೋಗುವುದು ತೋಟದ ಕಡೆಗೇ.

ಜೀನ್ ಟೆಸ್ಟ್? ಸದ್ಯಕ್ಕೆ ಬೇಡ. 50ರೊಳಗೆ ಕಾಯಿಲೆ ಬಂದಿದ್ದರೆ, ಮನೆಯಲ್ಲಿ ಇಬ್ಬರು ಮೂವರಿಗೆ ಇದ್ದರೆ, ಅಥವಾ ಅಜ್ಜ ಅಜ್ಜಿಯದು ಸೋದರಮಾವ–ಅಕ್ಕನ ಮಗಳು ಎನ್ನುವಂಥ ಸೋದರಿಕೆ ಮದುವೆಯಾಗಿದ್ದು ಮಗನಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಮಾಡಿಸಿ ಅನ್ನುತ್ತಿದ್ದೆ. ಪಾರ್ಕಿನ್‌ನಂಥ ಜೀನುಗಳು ಎರಡೂ ಕಡೆಯಿಂದ ಕೆಟ್ಟು ಬಂದರೆ ಮಾತ್ರ ತೊಂದರೆ ಕೊಡುತ್ತವೆ. ಒಳಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ನಿಮ್ಮಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಆ ದುಡ್ಡಿಗೆ ತಮ್ಮನಿಗೆ ಒಳ್ಳೆಯ ಕೈಗವಸು ತನ್ನಿ.

ಕೈಗವಸಿನ ಮಾತನ್ನು ಸುಮ್ನೆ ಹೇಳುತ್ತಿಲ್ಲ. 2015ರಲ್ಲಿ ಅದೇ ಅಮೆರಿಕದ ರೈತರ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಪ್ಯಾರಾಕ್ವಾಟ್‌ಗೂ ಪಾರ್ಕಿನ್ಸನ್‌ಗೂ ನಂಟು ಕಂಡದ್ದು ಕೈಗವಸು ಹಾಕದವರಲ್ಲಿ. ಹಾಕಿದವರಲ್ಲಿ ಆ ನಂಟು ಕಾಣಲಿಲ್ಲ. ನಮ್ಮಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಎಂಬ ನಂಬಿಕೆ ಇದೆ. ಔಷಧಿ ಜಾಸ್ತಿ ಒಳಗೆ ಹೋಗುವುದು ಚರ್ಮದಿಂದ. ಎಲ್ಲಕ್ಕಿಂತ ಅಪಾಯದ ಗಳಿಗೆ ಡಬ್ಬಿ ತೆಗೆದು ಗಟ್ಟಿ ಔಷಧಿಯನ್ನು ಅಳೆದು ನೀರಿಗೆ ಸುರಿಯುವ ಗಳಿಗೆ. ಬಟ್ಟೆಯ ಕೈಗವಸು ಬೇಡ, ಅದು ಔಷಧಿ ಹೀರಿಕೊಂಡು ಚರ್ಮಕ್ಕೇ ಅಂಟಿಸಿಡುತ್ತದೆ. ನೈಟ್ರೈಲ್ ಕೈಗವಸು ಬೇಕು. ಕಟ್ಟಿಕೊಂಡ ನಾಜಲ್‌ಗೆ ಬಾಯಿ ಇಟ್ಟು ಊದುವವರನ್ನು ನಾನು ಇವತ್ತಿಗೂ ನೋಡುತ್ತೇನೆ, ಎದೆ ಧಸಕ್ ಎನ್ನುತ್ತದೆ. ಬೆನ್ನಿನ ಪಂಪು ಸೋರಿ ಅಂಗಿ ಒದ್ದೆಯಾದರೆ ಆಗಲೇ ಬಿಚ್ಚಿ ಸೋಪು ಹಾಕಿ ತೊಳೆದುಕೊಳ್ಳಬೇಕು, ಕೆಲಸ ಮುಗಿಯಲಿ ಎಂದು ಕಾಯಬಾರದು. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ.

ಯಾವ ಔಷಧಿ ಎಂಬುದೂ ಮುಖ್ಯ. ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣವನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅದರ ತುಂತುರು ಶ್ವಾಸಕೋಶಕ್ಕೆ ಕೆಟ್ಟದ್ದು, ಅದು ಬೇರೆ ಮಾತು. ಬಿಳಿ ಕಾಂಡಕೊರಕಕ್ಕೆ ಹಿಂದೆ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದರು, ನಿಮ್ಮ ತಂದೆಯವರೂ ಬಳಿದಿರಬಹುದು. ಅದು ಈಗ ನಿಷೇಧವಾಗಿದೆ. ಎಂಡೋಸಲ್ಫಾನ್ ಅನ್ನು 2011ರ ಮೇ 13ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಇನ್ನೂ ಓಡಾಡುತ್ತಿದೆ. ಅದನ್ನು ದೇಹದಲ್ಲಿ ಒಡೆಯಲು ಪಿಒಎನ್1 ಎಂಬ ಜೀನಿನಿಂದ ಬರುವ ಕಿಣ್ವ ನೆರವಾಗುತ್ತದೆ. ಅದರ ಮಟ್ಟ ಒಬ್ಬರಿಂದ ಒಬ್ಬರಿಗೆ ತುಂಬಾ ಬೇರೆ, ಆಗತಾನೇ ಹುಟ್ಟಿದ ಮಕ್ಕಳಲ್ಲಿ ತೀರಾ ಕಡಿಮೆ. ಬಸುರಿಯರು, ಎಳೆ ಮಕ್ಕಳಿರುವ ತಾಯಂದಿರು ಔಷಧಿ ಕಲಸುವ ಜಾಗದ ಹತ್ತಿರವೂ ಹೋಗಬಾರದು ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಹಾಸನದ ಕಡೆ ಆಲೂಗಡ್ಡೆಯ ಅಂಗಮಾರಿಗೆ ಮ್ಯಾಂಕೋಜೆಬ್ ಹೊಡೆಯುತ್ತಾರೆ. ಅದರ ಹತ್ತಿರದ ಬಳಗದ ಮಾನೆಬ್ ಮತ್ತು ಪ್ಯಾರಾಕ್ವಾಟ್ ಎರಡನ್ನೂ ಹೊಡೆಯುವ ಹೊಲಗಳಿಂದ 500 ಮೀಟರ್ ಒಳಗೆ ವಾಸವಿದ್ದವರಲ್ಲಿ ಪಾರ್ಕಿನ್ಸನ್ ಶೇ. 75ರಷ್ಟು ಹೆಚ್ಚು ಎಂದು ಕ್ಯಾಲಿಫೋರ್ನಿಯಾದ 2009ರ ಅಧ್ಯಯನ ಕಂಡಿತು. ಹೊಡೆದವರಲ್ಲಿ ಅಲ್ಲ, ಪಕ್ಕದಲ್ಲಿ ಮನೆ ಇದ್ದವರಲ್ಲಿ. ತೋಟದ ನಡುವೆಯೇ ಇರುವ ನಮ್ಮ ಕೂಲಿಯವರ ಲೈನ್ ಮನೆಗಳು ನೆನಪಾಗುವುದಿಲ್ವಾ?

ಪ್ಯಾರಾಕ್ವಾಟ್ ಬಗ್ಗೆ ನನ್ನದು ನೇರ ಮಾತು. ಬಿಟ್ಟುಬಿಡಿ. ನುಂಗಿದರೆ ಪ್ರತಿವಿಷವಿಲ್ಲದ ಔಷಧಿ ಅದು. ಯುರೋಪ್ 2007ರಲ್ಲಿ ನಿಲ್ಲಿಸಿತು, ಪಕ್ಕದ ಕೇರಳ 2011ರಲ್ಲಿ ನಿಲ್ಲಿಸಿತು. ನಮ್ಮಲ್ಲೂ ನಿಲ್ಲಬೇಕು. ಆಳು ಸಿಗುವುದಿಲ್ಲ, ಕಳೆ ಕೊಚ್ಚಿಸಲು ಕೂಲಿ ಹೊರುವುದಿಲ್ಲ ಎಂಬ ಕಷ್ಟ ನನಗೆ ಗೊತ್ತು. ಕಳೆ ಕೊಚ್ಚುವ ಯಂತ್ರವನ್ನು ಅಕ್ಕಪಕ್ಕದ ಬೆಳೆಗಾರರು ಸೇರಿ ಒಂದು ತಂದರೂ ಆಗುತ್ತದೆ. ಕಾಂಡಕೊರಕಕ್ಕೆ ನೆರಳು ಕಾಪಾಡುವುದು, ಕಾಂಡ ಉಜ್ಜುವುದು, ಹುಳ ಬಿದ್ದ ಗಿಡವನ್ನು ಸಮಯಕ್ಕೆ ಕಿತ್ತು ಸುಡುವುದು ಔಷಧಿಗಿಂತ ಹಳೆಯ ದಾರಿಗಳು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಇದನ್ನೆಲ್ಲ ಹೇಳಿಕೊಡುತ್ತಾರೆ. ಅಂಗಡಿಯವರ ಮಾತಿಗಿಂತ ಮೊದಲು ಅವರನ್ನು ಕೇಳಿ.

ನಸುಗುನ್ನಿ ವಿಷಯ. ಅದನ್ನು ಹೇಳಿದವರು ಪೂರ್ತಿ ತಪ್ಪು ಹೇಳಿಲ್ಲ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಆ ಬೀಜದಲ್ಲಿ ನಿಜವಾಗಿಯೂ ಇದೆ. ನಮ್ಮ ದೇಶದ ವಿಜ್ಞಾನಿಗಳೇ 1937ರಲ್ಲಿ ಅದನ್ನು ಬೇರ್ಪಡಿಸಿದ್ದರು. ಕಷ್ಟ ಏನೆಂದರೆ ನಿಮ್ಮ ತಂದೆಯವರು ತೆಗೆದುಕೊಳ್ಳುತ್ತಿರುವ ಮಾತ್ರೆಯಲ್ಲೂ ಹೆಚ್ಚಾಗಿ ಅದೇ ಇರುತ್ತದೆ. ಪುಡಿಯ ಒಂದೊಂದು ಚಮಚದಲ್ಲಿ ಎಷ್ಟಿದೆ ಎಂದು ಹೇಳಲಾಗದು. ಎರಡೂ ಸೇರಿ ಜಾಸ್ತಿಯಾದರೆ ವಾಂತಿ, ಬಿಪಿ ಇಳಿಯುವುದು, ಮೈ ತಾನಾಗಿ ತಿರುಚುವುದು, ಇಲ್ಲದ್ದು ಕಾಣುವುದು ಎಲ್ಲ ಆಗಬಹುದು. ನರರೋಗದ ಡಾಕ್ಟರಿಗೆ ಹೇಳದೆ ಕೊಡಬೇಡಿ. ಹಾಗೆಯೇ ತಲೆಸುತ್ತಿಗೆ ಸಿನ್ನರಿಜಿನ್, ವಾಂತಿಗೆ ಮೆಟೊಕ್ಲೊಪ್ರಮೈಡ್ ತೆಗೆದುಕೊಳ್ಳುತ್ತಿದ್ದಾರಾ ನೋಡಿ. ಈ ಮಾತ್ರೆಗಳು ತಾವೇ ಪಾರ್ಕಿನ್ಸನ್‌ನಂಥ ಲಕ್ಷಣ ತರುತ್ತವೆ, ಇರುವುದನ್ನು ಹೆಚ್ಚಿಸುತ್ತವೆ. ಕಾಫಿ ಬಿಡಿಸಬೇಡಿ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಎಂದು ಹವಾಯಿಯಲ್ಲಿ ನಡೆದ ದೊಡ್ಡ ಅಧ್ಯಯನ 2000ದಲ್ಲಿ ಹೇಳಿತು. ಬೆಳೆದವರೇ ಕುಡಿಯದಿದ್ದರೆ ಹೇಗೆ!

ಕೊನೆಯದಾಗಿ ಒಂದು ಕೆಲಸ ಕೊಡುತ್ತೇನೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮೊದಲು ತಂದೆಯವರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ವಯಸ್ಸಿನಿಂದ ಔಷಧಿ ಹೊಡೆಯಲು ಶುರು ಮಾಡಿದರು, ಯಾವ ಯಾವ ಔಷಧಿ, ವರ್ಷಕ್ಕೆ ಎಷ್ಟು ಸಲ, ಕಲಸುತ್ತಿದ್ದದ್ದು ಕೈಯಲ್ಲೋ ಕೋಲಿನಲ್ಲೋ, ಎಂದಾದರೂ ತಲೆಸುತ್ತಿ ವಾಂತಿಯಾಗಿ ಮಲಗಿದ್ದುಂಟೋ, ಕುಡಿಯುವ ನೀರಿನ ಬಾವಿ ತೋಟಕ್ಕಿಂತ ಮೇಲಿದೆಯೋ ಕೆಳಗಿದೆಯೋ. ಹೆಸರು ನೆನಪಿಲ್ಲದಿದ್ದರೆ ಡಬ್ಬಿಯ ಬಣ್ಣ, ವಾಸನೆ ಬರೆಯಿರಿ. ಹಳೆಯ ಬಿಲ್ಲು ಸಿಕ್ಕರೆ ಫೋಟೊ ತೆಗೆದಿಡಿ. ಡಾಕ್ಟರು ಕೇಳದಿದ್ದರೂ ಆ ಹಾಳೆಯನ್ನು ಫೈಲಿಗೆ ಸೇರಿಸಿ ಎಂದು ನೀವೇ ಹೇಳಿ. ತಮ್ಮನಿಗೂ ಇವತ್ತಿನಿಂದಲೇ ಅಂಥದ್ದೇ ಒಂದು ನೋಟ್‌ಬುಕ್ ಇಡಲು ಹೇಳಿ. ಔಷಧಿ ಹೊಡೆದ ದಿನವೇ ತಾರೀಖು ಹಾಕಿ ಬರೆಯಲಿ.